ದಿನಕ್ಕೊಂದಿಷ್ಟೇ 'ಕರೆಂಟ್' ಏಕೆ? ಜೀವಕೋಶದೊಳಗಿನ ದುರಸ್ತಿ ಕೆಲಸ

(ವಿಕಿರಣ ಚಿಕಿತ್ಸೆ ಪಡೆಯುತ್ತಿರುವ ರೋಗಿಗಳು ಮತ್ತು ಅವರ ಬಂಧುಗಳಿಗಾಗಿ ನಡೆದ ಆರೋಗ್ಯ ಶಿಕ್ಷಣ ಕಾರ್ಯಕ್ರಮದಲ್ಲಿ ನಮ್ಮ ಶುಶ್ರೂಷಾ ಶಿಕ್ಷಕಿ ನೀಡಿದ ಉಪನ್ಯಾಸದ ಬರಹರೂಪ)



ಹಿರಿಯರೇ, ತಾಯಂದಿರೇ, ಹೊಲಮನೆ ಬಿಟ್ಟು ಬಂದು ವಾರಗಟ್ಟಲೆ ರೋಗಿಯ ಜೊತೆಗಿರುವ ಬಂಧುಗಳೇ, ನಮ್ಮ ವಾರ್ಡಿನಲ್ಲಿ ಮತ್ತೆ ಮತ್ತೆ ಕೇಳಿಬರುವ ಒಂದು ಪ್ರಶ್ನೆ ಇದೆ. "ಸಿಸ್ಟರ್, ಈ ಕರೆಂಟ್ ದಿನಾ ಐದೈದು ನಿಮಿಷ ಅಂತ ಏಳು ವಾರ ಯಾಕ್ರೀ? ಒಮ್ಮೆಲೇ ಕೊಟ್ಟು ಕಳಿಸಿಬಿಟ್ರ ಆಗಂಗಿಲ್ಲೇನ್ರೀ? ನಮಗೂ ಬಸ್ ಚಾರ್ಜ್ ಉಳೀತದ." ಪ್ರಶ್ನೆ ನ್ಯಾಯವಾದದ್ದೇ. ಇದಕ್ಕೆ "ಡಾಕ್ಟರ್ ಹೇಳಿದ್ದಾರೆ, ಬನ್ನಿ" ಎಂದಷ್ಟೇ ಉತ್ತರ ಕೊಟ್ಟರೆ ಸಾಲದು. ಕಾರಣ ತಿಳಿಯದವರು ಮೂರು ವಾರ ಬರುತ್ತಾರೆ. ಗಂಟು ಸ್ವಲ್ಪ ಇಳಿದ ಕೂಡಲೇ "ಇನ್ನು ಆರಾಮ ಆತು" ಎಂದು ಊರಿಗೆ ಹೋಗಿಬಿಡುತ್ತಾರೆ. ಹಾಗೆ ಹೋದವರು ಕೆಲವು ತಿಂಗಳ ನಂತರ ಮೊದಲಿಗಿಂತ ದೊಡ್ಡ ಗಂಟಿನೊಂದಿಗೆ ಬಂದಾಗ ನಮ್ಮ ಕೈಯಲ್ಲಿ ಮಾಡುವಂಥದ್ದು ಹೆಚ್ಚೇನೂ ಉಳಿದಿರುವುದಿಲ್ಲ. ಆದ್ದರಿಂದ ಇಂದು ಕಾರಣವನ್ನೇ ಹೇಳುತ್ತೇನೆ. ಸ್ವಲ್ಪ ಉದ್ದವಾಗುತ್ತದೆ, ತಾಳ್ಮೆಯಿಂದ ಕೇಳಬೇಕು.

ಮೊದಲು ಹೆಸರಿನ ಮಾತು. ನೀವು ಕರೆಂಟ್ ಎನ್ನುವುದು ವಿದ್ಯುತ್ ಅಲ್ಲ. ಎಲುಬು ಮುರಿದಾಗ ತೆಗೆಯುವ ಎಕ್ಸ್-ರೇ ಇದೆಯಲ್ಲ, ಅದೇ ಜಾತಿಯ, ಆದರೆ ಅದಕ್ಕಿಂತ ಬಹಳ ಹೆಚ್ಚು ಶಕ್ತಿಯ ಕಿರಣ. ಶಾಕ್ ಹೊಡೆಯುವುದಿಲ್ಲ. ಯಂತ್ರದ ಕೆಳಗೆ ಮಲಗಿದಾಗ ನೋವೂ ಆಗುವುದಿಲ್ಲ. ಈ ಕಿರಣ ಹೋಗಿ ತಾಗಬೇಕಾದ ಮುಖ್ಯ ಜಾಗ ಡಿಎನ್‌ಎ.

ನಮ್ಮ ದೇಹದಲ್ಲಿ ಸುಮಾರು ಮೂವತ್ತು ಲಕ್ಷ ಕೋಟಿ ಜೀವಕೋಶಗಳಿವೆ. ಕೆಂಪು ರಕ್ತಕಣಗಳನ್ನು ಬಿಟ್ಟರೆ ಹೆಚ್ಚುಕಡಿಮೆ ಪ್ರತಿ ಕೋಶದ ನಡುವೆ ಒಂದು ಚಿಕ್ಕ ಕೋಣೆ ಇದೆ, ಅದೇ ಕೋಶಕೇಂದ್ರ. ಒಂದು ಮಿಲಿಮೀಟರನ್ನು ನೂರು ಪಾಲು ಮಾಡಿದರೆ ಅದರ ಒಂದು ಪಾಲಿಗಿಂತಲೂ ಅದು ಚಿಕ್ಕದು. ಅಷ್ಟು ಚಿಕ್ಕ ಜಾಗದಲ್ಲಿ ಸುಮಾರು ಎರಡು ಮೀಟರ್ ಉದ್ದದ, ಅಂದರೆ ಎತ್ತರದ ಮನುಷ್ಯನಿಗಿಂತ ಉದ್ದದ ಡಿಎನ್‌ಎ ಎಳೆ 46 ವರ್ಣತಂತುಗಳಾಗಿ ಸುತ್ತಿಕೊಂಡಿದೆ. ಕೋಶ ಯಾವಾಗ ಬೆಳೆಯಬೇಕು, ಯಾವಾಗ ಎರಡಾಗಬೇಕು, ಯಾವಾಗ ನಿಲ್ಲಬೇಕು ಎಂಬುದೆಲ್ಲ ಅದರಲ್ಲಿ ನಾಲ್ಕೇ ನಾಲ್ಕು ಅಕ್ಷರಗಳಲ್ಲಿ ಬರೆದಿದೆ. ಡಿಎನ್‌ಎ ಒಂಟಿ ಎಳೆಯಲ್ಲ, ಹೊಸೆದ ಜೋಡಿ ಎಳೆ. ಒಂದು ಎಳೆಯ ಅಕ್ಷರ ಗೊತ್ತಾದರೆ ಅದರ ಎದುರಿನ ಎಳೆಯಲ್ಲಿ ಯಾವ ಅಕ್ಷರ ಇರಬೇಕೆಂಬುದು ಗೊತ್ತಾಗುತ್ತದೆ. ಈ ಮಾತನ್ನು ನೆನಪಿನಲ್ಲಿಡಿ. ದುರಸ್ತಿಯೆಲ್ಲ ನಡೆಯುವುದು ಬಹುಪಾಲು ಇದರ ಆಧಾರದಿಂದಲೇ.

ಡಿಎನ್‌ಎ ಬಹಳ ಗಟ್ಟಿಯಾದ ವಸ್ತು, ತಲೆಮಾರುಗಳವರೆಗೆ ಹಾಗೇ ಇರುತ್ತದೆ ಎಂದು ವಿಜ್ಞಾನಿಗಳೂ ಹಿಂದೆ ನಂಬಿದ್ದರು. 1970ರ ದಶಕದಲ್ಲಿ ಸ್ವೀಡನ್ನಿನ ಥಾಮಸ್ ಲಿಂಡಾಲ್ ಎಂಬ ವಿಜ್ಞಾನಿ ಇದನ್ನು ಅಳೆದು ನೋಡಿದರು. ಏನೂ ಕೆಟ್ಟ ಚಟವಿಲ್ಲದವನ ದೇಹದಲ್ಲಿಯೂ, ಕೇವಲ ಕೋಶದೊಳಗಿನ ನೀರು, ಮೈಯ ಶಾಖ ಮತ್ತು ಉಸಿರಿನ ಆಮ್ಲಜನಕದ ಕಾರಣದಿಂದಲೇ ಡಿಎನ್‌ಎ ಸವೆಯುತ್ತಿರುತ್ತದೆ ಎಂದು ಗೊತ್ತಾಯಿತು. ಒಂದೊಂದು ಕೋಶದಲ್ಲಿ ದಿನಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಸಣ್ಣಪುಟ್ಟ ಹಾನಿ ಆಗುತ್ತದೆ ಎನ್ನುವುದು ಈಗಿನ ಅಂದಾಜು. ಹಾಗಿದ್ದರೆ ನಾವು ಬದುಕಿರುವುದಾದರೂ ಹೇಗೆ? ಹಾನಿಯಾದ ಜಾಗವನ್ನು ಹುಡುಕಿ ಸರಿಪಡಿಸುವ ವ್ಯವಸ್ಥೆ ಒಳಗೇ ಇರಲೇಬೇಕು ಎಂದು ಲಿಂಡಾಲ್ ಊಹಿಸಿದರು, ಆಮೇಲೆ ಅದನ್ನು ಕಂಡುಹಿಡಿದರು. ಕೆಟ್ಟ ಅಕ್ಷರವೊಂದನ್ನು ಕಿತ್ತು, ಎದುರಿನ ಎಳೆಯನ್ನು ನೋಡಿ ಸರಿಯಾದ ಅಕ್ಷರ ಕೂರಿಸಿ, ಎಳೆಯನ್ನು ಬೆಸೆಯುವ ಕೆಲಸ ಅದು. ಮಾಡುವವು ಕಿಣ್ವಗಳು.

ಅವರ ಜೊತೆ 2015ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ಹಂಚಿಕೊಂಡವರು ಅಮೆರಿಕದ ಪಾಲ್ ಮಾಡ್ರಿಚ್ ಮತ್ತು ಟರ್ಕಿಯಲ್ಲಿ ಹುಟ್ಟಿದ ಅಜೀಜ್ ಸಾಂಜಾರ್. ಸಾಂಜಾರ್ ಅವರ ವಿಷಯ ನನಗೆ ಹೇಳಲೇಬೇಕೆನಿಸುತ್ತದೆ. ಸವುರ್ ಎಂಬ ಸಣ್ಣ ಊರಿನವರು, ಎಂಟು ಮಕ್ಕಳಲ್ಲಿ ಏಳನೆಯವರು. ತಂದೆತಾಯಿಗೆ ಓದುಬರಹ ಬರುತ್ತಿರಲಿಲ್ಲ, ಆದರೂ ಮಕ್ಕಳನ್ನು ಓದಿಸಿದರು. ವೈದ್ಯಕೀಯ ಮುಗಿಸಿ ತಮ್ಮ ಸೀಮೆಯಲ್ಲೇ ಕೆಲಕಾಲ ಹಳ್ಳಿಯ ವೈದ್ಯರಾಗಿದ್ದು, ಆಮೇಲೆ ಸಂಶೋಧನೆಗೆ ಹೋದರು. ಬಿಸಿಲಿನ ನೇರಳಾತೀತ ಕಿರಣದಿಂದ, ತಂಬಾಕಿನ ಹೊಗೆಯ ವಿಷದಿಂದ ಡಿಎನ್‌ಎ ಉಬ್ಬಿ ಸೊಟ್ಟಗಾದರೆ ಅಲ್ಲಿ ಒಂದು ಅಕ್ಷರ ಬದಲಿಸಿದರೆ ಸಾಲದು. ಹರಿದ ಸೀರೆಗೆ ರಫೂ ಹಾಕುವವರು ಸುತ್ತಲಿನ ಸವೆದ ದಾರವನ್ನೂ ಬಿಡಿಸುವ ಹಾಗೆ, ಸುಮಾರು 30 ಅಕ್ಷರಗಳ ತುಂಡನ್ನೇ ಕತ್ತರಿಸಿ ತೆಗೆದು ಹೊಸದಾಗಿ ತುಂಬಬೇಕು. ಇದು ಹೇಗೆ ನಡೆಯುತ್ತದೆಂದು ತೋರಿಸಿದವರು ಸಾಂಜಾರ್. ಈ ದುರಸ್ತಿ ಹುಟ್ಟಿನಿಂದಲೇ ಇಲ್ಲದ ಕೆಲವು ಮಕ್ಕಳಿರುತ್ತಾರೆ. ಅವರಿಗೆ ಸಾಮಾನ್ಯ ಬಿಸಿಲೇ ಶತ್ರು, ಚಿಕ್ಕ ವಯಸ್ಸಿನಲ್ಲೇ ಚರ್ಮದ ಕ್ಯಾನ್ಸರ್ ಬರುತ್ತದೆ. ದುರಸ್ತಿಯ ಬೆಲೆ ಅಂಥ ಮಗುವನ್ನು ನೋಡಿದರೆ ತಿಳಿಯುತ್ತದೆ. ಮಾಡ್ರಿಚ್ ಅವರದು ಇನ್ನೊಂದು ಬಗೆ. ಕೋಶ ಎರಡಾಗುವಾಗ ಡಿಎನ್‌ಎ ನಕಲಾಗುತ್ತದೆ, ನಕಲಿನಲ್ಲಿ ತಪ್ಪು ನುಸುಳುತ್ತದೆ, ಅದನ್ನು ತಿದ್ದುವ ಕೆಲಸ.

ಇಷ್ಟೂ ಒಂದೇ ಎಳೆಗೆ ಪೆಟ್ಟಾದಾಗಿನ ಮಾತು. ಎರಡೂ ಎಳೆ ಒಂದೇ ಜಾಗದಲ್ಲಿ ತುಂಡಾದರೆ? ನೋಡಿ ಬರೆದುಕೊಳ್ಳಲು ಎದುರಿನ ಎಳೆಯೂ ಸರಿಯಿಲ್ಲ. ಡಿಎನ್‌ಎಗೆ ಆಗುವ ಪೆಟ್ಟುಗಳಲ್ಲಿ ಇದೇ ಎಲ್ಲಕ್ಕಿಂತ ಅಪಾಯದ್ದು. ಆಗ ಕೋಶ ಎರಡು ದಾರಿ ಹಿಡಿಯುತ್ತದೆ. ಒಂದು, ತುಂಡಾದ ಎರಡು ತುದಿಗಳನ್ನು ಎಳೆದು ತಂದು ಅವಸರದಲ್ಲಿ ಗಂಟು ಹಾಕುವುದು. ಬೇಗ ಆಗುತ್ತದೆ, ಆದರೆ ಗಂಟಿನ ಜಾಗದಲ್ಲಿ ಒಂದೆರಡು ಅಕ್ಷರ ಹಾರಿಹೋಗಬಹುದು. ಇನ್ನೊಂದು, ಕೋಶ ಎರಡಾಗುವ ಮುನ್ನ ಮಾಡಿಟ್ಟುಕೊಂಡ ನಕಲನ್ನು ನೋಡಿ ತಪ್ಪಿಲ್ಲದಂತೆ ಪೂರ್ತಿ ಬರೆಯುವುದು. ಇದು ನಿಧಾನ, ಆದರೆ ಅಚ್ಚುಕಟ್ಟು. 1990ರ ದಶಕದಲ್ಲಿ ಪತ್ತೆಯಾದ ಬಿಆರ್‌ಸಿಎ ಎಂಬ ಎರಡು ಜೀನುಗಳು ಈ ಅಚ್ಚುಕಟ್ಟಿನ ಕೆಲಸಕ್ಕೆ ಬೇಕು. ಅವುಗಳಲ್ಲಿ ಹುಟ್ಟಿನಿಂದ ದೋಷವಿದ್ದರೆ ಸ್ತನ ಮತ್ತು ಅಂಡಾಶಯದ ಕ್ಯಾನ್ಸರ್ ಬರುವ ಸಂಭವ ಹೆಚ್ಚು. ತಾಯಿ, ಚಿಕ್ಕಮ್ಮ, ಅಕ್ಕ ಹೀಗೆ ಒಂದೇ ಮನೆಯಲ್ಲಿ ಹಲವರಿಗೆ ಬಂದಿದ್ದರೆ ನಾಚಿಕೆ ಪಡದೆ ವೈದ್ಯರಿಗೆ ಹೇಳಿ. ಮನೆತನದ ಶಾಪ ಎಂದು ಮುಚ್ಚಿಡುವುದರಿಂದ ಮುಂದಿನ ಹೆಣ್ಣುಮಕ್ಕಳಿಗೆ ನಷ್ಟ. ಗಂಡುಮಕ್ಕಳ ಮೂಲಕವೂ ಈ ದೋಷ ಮುಂದಿನ ಪೀಳಿಗೆಗೆ ಹೋಗುತ್ತದೆ ಎಂಬುದನ್ನು ಹೆಚ್ಚಿನವರು ಮರೆಯುತ್ತಾರೆ.

ದುರಸ್ತಿಗೆ ಸಮಯ ಬೇಕು. ಆ ಸಮಯವನ್ನು ಒದಗಿಸಿಕೊಡುವ ಪ್ರೋಟೀನ್ ಒಂದಿದೆ, ಹೆಸರು ಪಿ-53. ಡಿಎನ್‌ಎ ತುಂಡಾದ ಕೆಲವೇ ನಿಮಿಷಗಳಲ್ಲಿ ಕೋಶದೊಳಗೆ ಎಚ್ಚರಿಕೆ ಹರಡುತ್ತದೆ, ಪಿ-53 ಎದ್ದು ನಿಲ್ಲುತ್ತದೆ. "ದುರಸ್ತಿ ಮುಗಿಯುವವರೆಗೆ ಎರಡಾಗಬೇಡ" ಎಂದು ಕೋಶವನ್ನು ತಡೆಯುತ್ತದೆ. ಸರಿಪಡಿಸಲಾಗದಷ್ಟು ಕೆಟ್ಟಿದ್ದರೆ ಕೋಶ ತಾನಾಗಿಯೇ ಸಾಯುವಂತೆ ಮಾಡುತ್ತದೆ. ಒಂದು ಕೆಟ್ಟ ಕೋಶ ಸತ್ತರೆ ದೇಹಕ್ಕೆ ನಷ್ಟವಿಲ್ಲ, ಬದುಕಿ ಬೆಳೆದರೆ ಅಪಾಯ. ಮನುಷ್ಯರ ಕ್ಯಾನ್ಸರ್‌ಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಈ ಪಿ-53 ಜೀನೇ ಕೆಟ್ಟಿರುತ್ತದೆ. ಆನೆಯ ಮೈಯಲ್ಲಿ ನಮಗಿಂತ ಎಷ್ಟೋ ಪಟ್ಟು ಹೆಚ್ಚು ಕೋಶಗಳಿದ್ದರೂ ಅದಕ್ಕೆ ಕ್ಯಾನ್ಸರ್ ಬರುವುದು ಅಪರೂಪ. 2015ರಲ್ಲಿ ನೋಡಿದಾಗ ಆನೆಗೆ ಈ ಜೀನಿನ ಸುಮಾರು 20 ಪ್ರತಿಗಳಿರುವುದು ತಿಳಿಯಿತು. ನಮಗಿರುವುದು ತಂದೆಯ ಕಡೆಯಿಂದ ಒಂದು, ತಾಯಿಯ ಕಡೆಯಿಂದ ಒಂದು. ಇರುವುದನ್ನು ಕಾಪಾಡಿಕೊಳ್ಳಬೇಕಷ್ಟೇ.

ಈಗ ಕರೆಂಟಿನ ಪ್ರಶ್ನೆಗೆ ಬರೋಣ. ಬಾಯಿ, ಗಂಟಲಿನ ಕ್ಯಾನ್ಸರ್‌ಗೆ ಸಾಮಾನ್ಯವಾಗಿ ದಿನಕ್ಕೆ 2 ಗ್ರೇಯಂತೆ, ವಾರಕ್ಕೆ ಐದು ದಿನ, ಆರರಿಂದ ಏಳು ವಾರ ಕಿರಣ ಕೊಡುತ್ತಾರೆ. ಗ್ರೇ ಎಂದರೆ ಕಿರಣವನ್ನು ಅಳೆಯುವ ಮಾನ. ಒಟ್ಟು 60ರಿಂದ 70 ಗ್ರೇ. ಒಂದು ದಿನದ ಆ 2 ಗ್ರೇ ಕಿರಣ ಬಿದ್ದಾಗ ಒಂದೊಂದು ಕೋಶದಲ್ಲಿ ಒಂಟಿ ಎಳೆಯ ತುಂಡು ಸುಮಾರು ಎರಡು ಸಾವಿರ ಆಗುತ್ತದೆ, ಎರಡೂ ಎಳೆ ತುಂಡಾಗುವುದು ಸುಮಾರು ಎಂಬತ್ತು ಕಡೆ. ಕಿರಣ ಬೀಳುವ ಜಾಗದಲ್ಲಿ ಕ್ಯಾನ್ಸರ್ ಕೋಶವೂ ಇದೆ, ಒಳ್ಳೆಯ ಕೋಶವೂ ಇದೆ. ಇಬ್ಬರಿಗೂ ಪೆಟ್ಟು ಒಂದೇ. ವ್ಯತ್ಯಾಸ ಶುರುವಾಗುವುದು ನೀವು ಯಂತ್ರದಿಂದ ಎದ್ದು ಹೊರಗೆ ಬಂದ ಮೇಲೆ. ಒಳ್ಳೆಯ ಕೋಶ ನಿಲ್ಲುತ್ತದೆ, ದುರಸ್ತಿ ಮಾಡಿಕೊಳ್ಳುತ್ತದೆ. ಒಂಟಿ ಎಳೆಯ ತುಂಡುಗಳು ಬಹುಪಾಲು ನಿಮಿಷಗಳಲ್ಲಿ ಕೂಡಿಕೊಳ್ಳುತ್ತವೆ, ಜೋಡಿ ಎಳೆಯವು ಕೆಲವು ಗಂಟೆ ತೆಗೆದುಕೊಳ್ಳುತ್ತವೆ. ನಾಳೆ ನೀವು ಮತ್ತೆ ಬರುವ ಹೊತ್ತಿಗೆ ಅದು ಬಹುಮಟ್ಟಿಗೆ ಚೇತರಿಸಿಕೊಂಡಿರುತ್ತದೆ. ಕ್ಯಾನ್ಸರ್ ಕೋಶದಲ್ಲಿ ತಡೆದು ನಿಲ್ಲಿಸುವ ವ್ಯವಸ್ಥೆಯೇ ಸಾಮಾನ್ಯವಾಗಿ ಕೆಟ್ಟಿರುವುದರಿಂದ ಅದು ಹರಕು ಡಿಎನ್‌ಎ ಇಟ್ಟುಕೊಂಡೇ ಎರಡಾಗಲು ಹೋಗಿ ಸಾಯುತ್ತದೆ. ದಿನವೂ ಸ್ವಲ್ಪ ಸ್ವಲ್ಪವೇ ಈ ಅಂತರ ಹೆಚ್ಚುತ್ತದೆ. ಮೂವತ್ತು, ಮೂವತ್ತೈದು ದಿನ ಸೇರಿದಾಗ ಅದು ದೊಡ್ಡ ಅಂತರ.

ಒಮ್ಮೆಲೇ 70 ಗ್ರೇ ಕೊಟ್ಟರೆ ಅಲ್ಲಿನ ಒಳ್ಳೆಯ ಚರ್ಮ, ಮಾಂಸ, ಎಲುಬು ಯಾವುದೂ ದುರಸ್ತಿಗೆ ಸಮಯ ಸಿಗದೆ ಕೊಳೆತುಹೋಗುತ್ತವೆ. ಇದನ್ನು 1920ರ ದಶಕದಲ್ಲಿ ಪ್ಯಾರಿಸ್ಸಿನಲ್ಲಿ ಕ್ಲಾಡಿಯಸ್ ರೆಗೊ ಎಂಬ ವೈದ್ಯರ ಗುಂಪು ಟಗರಿನ ಮೇಲೆ ಪ್ರಯೋಗ ಮಾಡಿ ಕಂಡುಕೊಂಡಿತು. ಟಗರಿನ ಬೀಜಕ್ಕೆ ಒಂದೇ ಸಲ ಕಿರಣ ಕೊಟ್ಟು ಸಂತಾನಶಕ್ತಿ ನಿಲ್ಲಿಸಲು ಹೋದರೆ ಮೇಲಿನ ಚರ್ಮ ಸುಟ್ಟು ಹಾಳಾಗುತ್ತಿತ್ತು. ದಿನಕ್ಕಿಷ್ಟು ಎಂದು ವಾರಗಟ್ಟಲೆ ಹಂಚಿ ಕೊಟ್ಟಾಗ ಬೀಜದ ಕೋಶಗಳು ಸತ್ತವು, ಚರ್ಮ ಉಳಿಯಿತು. ಬೇಗ ಬೇಗ ಎರಡಾಗುವ ಬೀಜದ ಕೋಶ ಕ್ಯಾನ್ಸರ್ ಗಂಟಿನ ಹಾಗೆ, ಚರ್ಮ ನಮ್ಮ ಒಳ್ಳೆಯ ಮೈಯ ಹಾಗೆ ಎಂದು ಅವರು ಲೆಕ್ಕ ಹಾಕಿದರು. ಆ ಟಗರಿನ ಪಾಠವೇ ಇವತ್ತು ನಿಮ್ಮ ಕಾರ್ಡಿನಲ್ಲಿ ದಿನಾಂಕಗಳಾಗಿ ಬರೆದಿದೆ. ಈಗ ಕೆಲವು ಸಣ್ಣ ಗಂಟುಗಳಿಗೆ, ಬಹಳ ನಿಖರವಾಗಿ ಗುರಿಯಿಡುವ ಯಂತ್ರವಿದ್ದರೆ, ಕಡಿಮೆ ದಿನಗಳಲ್ಲಿ ಹೆಚ್ಚು ಕಿರಣ ಕೊಡುವುದುಂಟು. ಅದು ಯಾರಿಗೆ ಆಗುತ್ತದೆ ಎಂಬುದು ವೈದ್ಯರ ತೀರ್ಮಾನ. ಪಕ್ಕದ ಮಂಚದವರಿಗೆ ಹದಿನೈದು ದಿನ, ನನಗೇಕೆ ಮೂವತ್ತೈದು ಎಂದು ಹೋಲಿಸಬೇಡಿ.

ಬಾಯಿಯ ಒಳಚರ್ಮವೂ ಬೇಗ ಬೇಗ ಹೊಸದಾಗುವ ಜಾಗ. ಆದ್ದರಿಂದಲೇ ಎರಡು ಮೂರನೆಯ ವಾರದಲ್ಲಿ ಬಾಯಿ ಹುಣ್ಣಾಗುತ್ತದೆ, ನುಂಗಲು ಕಷ್ಟವಾಗುತ್ತದೆ. ಚಿಕಿತ್ಸೆ ಬಿಡುವವರು ಹೆಚ್ಚಾಗಿ ಈ ಹಂತದಲ್ಲೇ ಬಿಡುತ್ತಾರೆ. ಹುಣ್ಣು ಚಿಕಿತ್ಸೆ ಮುಗಿದ ಕೆಲವು ವಾರಗಳಲ್ಲಿ ಮಾಯುತ್ತದೆ, ಏಕೆಂದರೆ ಕೆಳಗಿನ ಒಳ್ಳೆಯ ಕೋಶಗಳು ದುರಸ್ತಿಯಾಗಿ ಮತ್ತೆ ಬೆಳೆಯುತ್ತವೆ. ಅಲ್ಲಿಯವರೆಗೆ ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಚಿಟಿಕೆ ಉಪ್ಪು, ಚಿಟಿಕೆ ಅಡುಗೆ ಸೋಡಾ ಹಾಕಿ ದಿನಕ್ಕೆ ಐದಾರು ಸಲ ಬಾಯಿ ಮುಕ್ಕಳಿಸಿ. ಖಾರ ಬೇಡ. ಗಂಜಿ, ಮೆತ್ತಗಿನ ಅನ್ನ ಹಾಲು, ರಾಗಿ ಅಂಬಲಿ ಆಗಬಹುದು. ನುಂಗಲು ಆಗದಿದ್ದರೆ ಸುಮ್ಮನೆ ಉಪವಾಸ ಇರಬೇಡಿ, ನಮಗೆ ಹೇಳಿ. ನೋವಿಗೆ ಔಷಧವಿದೆ, ಮೂಗಿನ ನಳಿಕೆಯಿಂದ ಆಹಾರ ಕೊಡಬಹುದು. ನಳಿಕೆ ಹಾಕಿದರು ಎಂದರೆ ಕಥೆ ಮುಗಿಯಿತು ಎಂದಲ್ಲ, ಅದು ಆ ಕೆಲವು ವಾರ ದಾಟಲು.

ನಡುವೆ ಬಿಟ್ಟರೆ ಏನಾಗುತ್ತದೆ? ಕ್ಯಾನ್ಸರ್ ಕೋಶವೂ ಕೋಶವೇ, ಬಿಡುವು ಸಿಕ್ಕರೆ ಅದೂ ಚೇತರಿಸಿಕೊಳ್ಳುತ್ತದೆ. ಅಷ್ಟೇ ಅಲ್ಲ, ಬಾಯಿ ಗಂಟಲಿನ ಕ್ಯಾನ್ಸರ್‌ನಲ್ಲಿ ಚಿಕಿತ್ಸೆ ಶುರುವಾಗಿ ನಾಲ್ಕು ವಾರದ ಹೊತ್ತಿಗೆ, ಸಾಯದೆ ಉಳಿದ ಕೋಶಗಳು ಮೊದಲಿಗಿಂತ ವೇಗವಾಗಿ ಬೆಳೆಯತೊಡಗುತ್ತವೆ ಎಂದು 1988ರಲ್ಲೇ ತೋರಿಸಲಾಗಿದೆ. ನಿಮಗೆ ಗಂಟು ಕರಗಿದಂತೆ ಕಾಣುವ ಹೊತ್ತೂ ಅದೇ. ಈ ಕ್ಯಾನ್ಸರ್‌ಗಳಲ್ಲಿ ಚಿಕಿತ್ಸೆ ಒಂದೊಂದು ದಿನ ಉದ್ದವಾದಂತೆ ಗಂಟು ಹತೋಟಿಗೆ ಬರುವ ಸಂಭವ ಸುಮಾರು ಶೇಕಡ 1ರಷ್ಟು ಅಥವಾ ಅದಕ್ಕಿಂತ ಸ್ವಲ್ಪ ಹೆಚ್ಚೇ ಇಳಿಯುತ್ತದೆ. ಒಂದು ವಾರ ಜಾತ್ರೆಗೆ, ಒಂದು ವಾರ ಸುಗ್ಗಿಗೆ ಎಂದರೆ ನೀವೇ ಕೂಡಿಸಿ ನೋಡಿ. ಜಾತ್ರೆ ಮುಂದಿನ ವರ್ಷವೂ ಬರುತ್ತದೆ ಎಂದು ನಾನು ಎಲ್ಲರಿಗೂ ಹೇಳುತ್ತೇನೆ, ಕೆಲವರು ಸಿಟ್ಟಾಗುತ್ತಾರೆ, ಆಗಲಿ.

ಇನ್ನು ಚಟದ ಮಾತು. ಹೊರಗೆ ಬೇವಿನ ಮರದ ಕೆಳಗೆ ನಿಂತು ಬೀಡಿ ಸೇದಿ ಒಳಗೆ ಬಂದು ಯಂತ್ರದ ಕೆಳಗೆ ಮಲಗುವವರು ಇದ್ದಾರೆ. ಯಾರು ಎಂದು ನಾನು ಹೇಳುವುದಿಲ್ಲ, ವಾಸನೆಯೇ ಹೇಳುತ್ತದೆ. ಕಿರಣ ಮಾಡಿದ ಹಾನಿ ಡಿಎನ್‌ಎಯಲ್ಲಿ ಗಟ್ಟಿಯಾಗಿ ನಿಲ್ಲಬೇಕಾದರೆ ಗಂಟಿನೊಳಗೆ ಆಮ್ಲಜನಕ ಇರಬೇಕು. ಆಮ್ಲಜನಕವಿಲ್ಲದ ಕೋಶವನ್ನು ಕೊಲ್ಲಲು ಎರಡೂವರೆಯಿಂದ ಮೂರು ಪಟ್ಟು ಕಿರಣ ಬೇಕು. ಬೀಡಿಯ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ರಕ್ತದಲ್ಲಿ ಆಮ್ಲಜನಕದ ಜಾಗವನ್ನೇ ಹಿಡಿದುಕೊಳ್ಳುತ್ತದೆ. 1993ರಲ್ಲಿ ಕೆನಡಾದಲ್ಲಿ ತಲೆ ಮತ್ತು ಕುತ್ತಿಗೆಯ ಕ್ಯಾನ್ಸರ್ ರೋಗಿಗಳ ಅಧ್ಯಯನವೊಂದು ಪ್ರಕಟವಾಯಿತು. ವಿಕಿರಣ ಚಿಕಿತ್ಸೆಯ ಕಾಲದಲ್ಲಿ ಸೇದುತ್ತಲೇ ಇದ್ದವರಲ್ಲಿ ಶೇಕಡ 45 ಜನರಿಗೆ ಗಂಟು ಪೂರ್ತಿ ಕರಗಿತು, ಸೇದದವರಲ್ಲಿ ಶೇಕಡ 74 ಜನರಿಗೆ. ಎರಡು ವರ್ಷದ ನಂತರ ಬದುಕಿದ್ದವರು ಶೇಕಡ 39 ಮತ್ತು ಶೇಕಡ 66. ಅದೇ ಯಂತ್ರ, ಅದೇ ಕಿರಣ. ರಕ್ತ ಕಡಿಮೆ ಇದ್ದರೂ ಗಂಟಿಗೆ ಆಮ್ಲಜನಕ ಸರಿಯಾಗಿ ತಲುಪುವುದಿಲ್ಲ. ಆಗಾಗ ನಿಮ್ಮ ಹಿಮೋಗ್ಲೋಬಿನ್ ನೋಡುವುದು ಅದಕ್ಕಾಗಿಯೂ ಹೌದು.

"ನಾ ಸೇದಂಗಿಲ್ರೀ, ಬರೇ ಅಡಿಕಿ ಅಷ್ಟ" ಎನ್ನುವವರಿಗೆ ಒಂದು ಮಾತು. ಅಡಿಕೆ ಬೆಳೆದು ಬದುಕುವ ಕುಟುಂಬಗಳು ನಮ್ಮಲ್ಲಿ ಬಹಳ, ಅವರ ಮನಸ್ಸು ನೋಯಿಸುವ ಉದ್ದೇಶ ನನ್ನದಲ್ಲ. ಆದರೆ ತಂಬಾಕು ಸೇರಿಸದ ಅಡಿಕೆಯೂ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರ ವರದಿಯಲ್ಲಿ ಹೇಳಿದೆ. ನಮ್ಮ ರಾಜ್ಯದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾದ ಮೇಲೆ ಪಾನ್ ಮಸಾಲದ ಚೀಟು ಒಂದು, ತಂಬಾಕಿನ ಚೀಟು ಇನ್ನೊಂದು ಕೊಂಡು ಬಾಯಲ್ಲೇ ಬೆರೆಸಿಕೊಳ್ಳುವುದು ಶುರುವಾಯಿತು. ಡಿಎನ್‌ಎಗೆ ಚೀಟು ಎರಡೋ ಒಂದೋ ತಿಳಿಯುವುದಿಲ್ಲ. ಜೊತೆಗೆ ಬಂದ ಬಂಧುಗಳೇ, ನಿಮ್ಮದೇ ಮೂರು ಬೆರಳು ಜೋಡಿಸಿ, ಒಂದರ ಮೇಲೊಂದು ಬರುವಂತೆ ಹಿಡಿದು ಮೇಲಿನ ಮತ್ತು ಕೆಳಗಿನ ಹಲ್ಲಿನ ನಡುವೆ ಇಟ್ಟು ನೋಡಿ. ಹಿಡಿಸದಿದ್ದರೆ, ಬಾಯೊಳಗೆ ಬಿಳಿ ಅಥವಾ ಕೆಂಪು ಕಲೆಯಿದ್ದರೆ, ಎರಡು ವಾರವಾದರೂ ಮಾಯದ ಹುಣ್ಣಿದ್ದರೆ ಇವತ್ತೇ ಹೊರರೋಗಿ ವಿಭಾಗದಲ್ಲಿ ಚೀಟಿ ಮಾಡಿಸಿ.

ಬಿಟ್ಟರೆ ಪ್ರಯೋಜನವಿದೆಯೇ, ಆಗಬೇಕಾದ್ದು ಆಗಿಹೋಗಿದೆಯಲ್ಲ ಎಂದು ಕೇಳುತ್ತೀರಿ. ದಿನಕ್ಕೊಂದು ಪ್ಯಾಕ್ ಸಿಗರೇಟು ಒಂದು ವರ್ಷ ಸೇದಿದರೆ ಶ್ವಾಸಕೋಶದ ಒಂದೊಂದು ಕೋಶದಲ್ಲಿ ಸರಾಸರಿ 150 ಅಕ್ಷರದೋಷಗಳು ಉಳಿದುಬಿಡುತ್ತವೆ ಎಂದು 2016ರ ಅಧ್ಯಯನವೊಂದು ಲೆಕ್ಕ ಹಾಕಿತು. ಕೋಶ ಎರಡಾಗುವ ಮುನ್ನ ದುರಸ್ತಿಯಾಗದೆ ಉಳಿದ ತಪ್ಪು ಮುಂದೆ ಅಳಿಸುವುದಿಲ್ಲ, ಅದು ನಿಜ. ಆದರೆ 2020ರಲ್ಲಿ ಇಂಗ್ಲೆಂಡಿನ ವಿಜ್ಞಾನಿಗಳು ಸೇದುವುದನ್ನು ಬಿಟ್ಟವರ ಶ್ವಾಸನಾಳದ ಕೋಶಗಳನ್ನು ನೋಡಿದಾಗ ಆಶ್ಚರ್ಯವೊಂದು ಕಾದಿತ್ತು. ಎಂದೂ ಸೇದದವರ ಹಾಗೆ ಕಾಣುವ ಒಳ್ಳೆಯ ಕೋಶಗಳು, ಈಗಲೂ ಸೇದುವವರಿಗಿಂತ ಬಿಟ್ಟವರಲ್ಲಿ ನಾಲ್ಕು ಪಟ್ಟಿನವರೆಗೂ ಹೆಚ್ಚಿದ್ದವು. ಎಲ್ಲೋ ಹಾನಿ ತಪ್ಪಿಸಿಕೊಂಡು ಉಳಿದಿದ್ದ ಕೋಶಗಳು, ಹೊಗೆ ನಿಂತ ಮೇಲೆ ಹರಡಿಕೊಂಡು ಹಾಳಾದವುಗಳ ಜಾಗ ತುಂಬಿದಂತೆ ಕಾಣುತ್ತದೆ. ನಲವತ್ತು ವರ್ಷ ಸೇದಿ ಬಿಟ್ಟವರಲ್ಲೂ ಇದು ಕಂಡಿತು.

ಶಕ್ತಿಯ ಗುಳಿಗೆಗಳ ಬಗ್ಗೆಯೂ ಹೇಳಬೇಕು. "ಡಿಎನ್‌ಎ ರಕ್ಷಿಸುತ್ತದೆ" ಎಂದು ಬರೆದ ದುಬಾರಿ ಡಬ್ಬಿಗಳನ್ನು ಮನೆಯವರು ಪ್ರೀತಿಯಿಂದ ತರುತ್ತಾರೆ. ಫಿನ್ಲೆಂಡಿನಲ್ಲಿ ಸುಮಾರು 29,000 ಮಂದಿ ಸೇದುವ ಗಂಡಸರಿಗೆ ವರ್ಷಗಟ್ಟಲೆ ವಿಟಮಿನ್ ಗುಳಿಗೆ ಕೊಟ್ಟು ನೋಡಿದ ಪ್ರಯೋಗದ ಫಲಿತಾಂಶ 1994ರಲ್ಲಿ ಬಂತು. ಬೀಟಾ ಕ್ಯಾರೋಟಿನ್ ತೆಗೆದುಕೊಂಡವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗುವ ಬದಲು ಹೆಚ್ಚಾಗಿತ್ತು. ವಿಕಿರಣದ ಕಾಲದಲ್ಲಿ ಇಂಥ ಗುಳಿಗೆ ಕ್ಯಾನ್ಸರ್ ಕೋಶವನ್ನೂ ರಕ್ಷಿಸಬಹುದೆಂಬ ಭಯವಿದೆ. ಹಣ್ಣು, ಸೊಪ್ಪು, ಕಾಳು ಊಟದಲ್ಲಿ ಎಷ್ಟು ಬೇಕಾದರೂ ತಿನ್ನಿ, ಡಬ್ಬಿಯ ಗುಳಿಗೆಯನ್ನು ಮಾತ್ರ ವೈದ್ಯರಿಗೆ ತೋರಿಸದೆ ನುಂಗಬೇಡಿ. ಆ ದುಡ್ಡಿಗೆ ಮೊಟ್ಟೆಯೋ ಹಾಲೋ ಹೆಸರುಕಾಳೋ ಬರುತ್ತದೆ.

ಕೊನೆಗೆ ಚೀಟಿಯಲ್ಲಿ ಬರೆದುಕೊಟ್ಟ ಎರಡು ಪ್ರಶ್ನೆಗಳು. ಒಂದು, "ಕರೆಂಟ್ ತಗೊಂಡು ಹೋದಮ್ಯಾಲೆ ಮೊಮ್ಮಗನ್ನ ಎತ್ಕೋಬಹುದೇನ್ರೀ?" ಧಾರಾಳವಾಗಿ ಎತ್ತಿಕೊಳ್ಳಿ. ಹೊರಗಿನ ಯಂತ್ರದಿಂದ ಬಂದ ಕಿರಣ ಯಂತ್ರ ನಿಂತ ಕೂಡಲೇ ಮುಗಿಯಿತು, ನಿಮ್ಮ ಮೈಯಲ್ಲಿ ಉಳಿಯುವುದಿಲ್ಲ. ಕ್ಯಾನ್ಸರ್ ಅಂಟುರೋಗವೂ ಅಲ್ಲ. ತಟ್ಟೆ ಲೋಟ ಬೇರೆ ಇಡಬೇಕಾಗಿಲ್ಲ.

ಇನ್ನೊಂದು, ಜ್ವರ ಬಂದೋ ಯಂತ್ರ ಕೆಟ್ಟೋ ಒಂದು ದಿನ ತಪ್ಪಿದರೆ ಮರುದಿನ ಎರಡು ದಿನದ್ದು ಒಟ್ಟಿಗೆ ಕೊಡುತ್ತೀರಾ ಎಂಬುದು. ಒಟ್ಟಿಗೆ ಕೊಡುವುದಿಲ್ಲ. ಶನಿವಾರ ಕರೆಯಬಹುದು, ಇಲ್ಲವೇ ವೈದ್ಯರು ಸೂಚಿಸಿದರೆ ಒಂದೇ ದಿನ ಎರಡು ಸಲ ಕೊಡಬಹುದು, ಆದರೆ ನಡುವೆ ಕನಿಷ್ಠ ಆರು ಗಂಟೆ ಬಿಡುವು ಇರಲೇಬೇಕು. ಒಳ್ಳೆಯ ಕೋಶಗಳ ಡಿಎನ್‌ಎ ಕೂಡಿಕೊಳ್ಳಲು ಬೇಕಾದ ಹೊತ್ತು ಅದು. ಬೆಳಿಗ್ಗೆ ಎಂಟಕ್ಕೆ ಒಂದಾದರೆ ಮಧ್ಯಾಹ್ನ ಎರಡರ ನಂತರವೇ ಇನ್ನೊಂದು. ಆ ದಿನ ಊರಿಗೆ ಹೋಗಿ ಬರುವ ಓಡಾಟ ಬೇಡ, ದಾಸೋಹದಲ್ಲಿ ಊಟ ಮಾಡಿ ಇಲ್ಲೇ ಮಲಗಿರಿ, ಹೊತ್ತಾದಾಗ ನಾವೇ ಬಂದು ಎಬ್ಬಿಸುತ್ತೇವೆ.